ಕಲ್ಲು ಒರಗಿದ ದಿಕ್ಕು

ಕಳೆದ ತಿಂಗಳು ಕಾಕಾ ಒಮಾನ್ ಬಿಟ್ಟು ಊರಿಗೆ ಹೋದರು. ರಜೆಗಲ್ಲ, ಪೂರ್ತಿಯಾಗಿ. ಅವರಿಗೆ ಅರವತ್ತು ತುಂಬಿತ್ತು. ನಮ್ಮ ಕಂಪನಿಯಲ್ಲಿ ಬಿಸಿಲಿನ ಕೆಲಸದವರನ್ನು ಅದಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳುವುದಿಲ್ಲ. ಅವರಿಗೆ ಒಳ್ಳೆಯದೊಂದು ಹೆಸರಿದೆ. ಆದರೆ ಕ್ಯಾಂಪಿನ ಅಡುಗೆಯವನಿಂದ ಹಿಡಿದು ನಮ್ಮ ಮ್ಯಾನೇಜರ್‌ವರೆಗೆ ಎಲ್ಲರೂ ಕರೆಯುತ್ತಿದ್ದುದು ಕಾಕಾ ಎಂದೇ. ನಾನೂ ಹಾಗೇ ಕರೆಯುತ್ತೇನೆ.

ನಾನು ಭೂವಿಜ್ಞಾನಿ. ಮೈಸೂರಿನಲ್ಲಿ ಓದಿದವನು. ಇಲ್ಲಿ ತಾಮ್ರ, ಚಿನ್ನ ಹುಡುಕುವ ಸಣ್ಣ ಕಂಪನಿಯೊಂದರಲ್ಲಿ ಏಳು ವರ್ಷದಿಂದ ಇದ್ದೇನೆ. ಮನೆ ಮಸ್ಕತ್ತಿನ ಅಂಚಿನ ಅಲ್ ಅಮೇರಾತ್‌ನಲ್ಲಿ, ಆಫೀಸು ನಗರದೊಳಗಿನ ಅಲ್ ಖುವೈರ್‌ನಲ್ಲಿ, ಕೆಲಸ ಮಾತ್ರ ಇಬ್ರಾದಿಂದ ದಕ್ಷಿಣಕ್ಕೆ ಎರಡು ತಾಸು ಹೋದರೆ ಸಿಗುವ ಬಯಲಿನಲ್ಲಿ. ಕಾಕಾ ಅದೇ ಕ್ಯಾಂಪಿನಲ್ಲಿ ಹೆಲ್ಪರ್ ಆಗಿದ್ದರು. ನಾನು ತೋರಿಸಿದ ಜಾಗದಲ್ಲಿ ಮಣ್ಣು ಅಗೆದು, ಚೀಲಕ್ಕೆ ತುಂಬಿ, ನಂಬರಿನ ಚೀಟಿ ಕಟ್ಟಿ, ಗಾಡಿಗೆ ಏರಿಸುವುದು ಅವರ ಕೆಲಸ. ಎಲ್ಲಿ ಅಗೆಯಬೇಕೆಂದು ಹೇಳುವುದು ನನ್ನ ಕೆಲಸ. ಮೊದಲ ಒಂದು ವರ್ಷ ಈ ಏರ್ಪಾಟಿನಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ.

ಕುಳ್ಳಗೆ, ಒಣಗಿದ ಮೈ. ಅಂಗೈ ಮಾತ್ರ ಆ ಮೈಗೆ ಹೊಂದದಷ್ಟು ಅಗಲ. ನಡೆಯುವಾಗ ಎಂದೂ ತಲೆ ಎತ್ತುತ್ತಿರಲಿಲ್ಲ. ಸಂಕೋಚದ ಮನುಷ್ಯ ಎಂದು ನಾನು ತಿಳಿದಿದ್ದೆ. ಗದಗ ಜಿಲ್ಲೆಯವರು, ಕಪ್ಪತಗುಡ್ಡದ ಬುಡದ ಒಂದು ಹಳ್ಳಿ ಎಂಬುದಷ್ಟು ಗೊತ್ತಿತ್ತು. ಊರಿನಲ್ಲಿ ಬೋರ್‌ವೆಲ್ ಗಾಡಿಯ ಮೇಲೆ ಕೆಲಸ ಮಾಡಿದ್ದರಂತೆ. ಆ ಅನುಭವ ನೋಡಿಯೇ ಅವರನ್ನು ಇಲ್ಲಿಗೆ ಕರೆಸಿದ್ದರು.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅಡುಗೆಯವನು ಕೂಗಾಡುತ್ತಿದ್ದ. ಹಿಟ್ಟು ಕಲಸುವ ಪರಾತ ಕಾಣೆಯಾಗಿತ್ತು. ಹುಡುಕುತ್ತ ಹೋದರೆ ಕಾಕಾ ಒಂದು ಮುಳ್ಳುಮರದ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತು ಆ ಪರಾತದಲ್ಲಿ ಒಣ ಮರಳು ಹಾಕಿಕೊಂಡು ತೂಗುತ್ತಿದ್ದರು. ತೊಟ್ಟಿಲು ತೂಗಿದ ಹಾಗೆ ಎರಡು ಸಲ, ಆಮೇಲೆ ಮೊಣಕೈಯಿಂದ ಒಂದು ಸಣ್ಣ ಏಟು, ಆಮೇಲೆ ತುಟಿ ಚೂಪು ಮಾಡಿ ಒಂದು ಉಸಿರು. ಬೆಳ್ಳನೆಯ ಮರಳು ಅಂಚಿನಿಂದ ಹಾರಿಹೋಗುತ್ತಿತ್ತು. ಕಪ್ಪು ಮರಳು ಉಳಿಯುತ್ತಿತ್ತು. ನನ್ನ ನೆರಳು ಬಿದ್ದದ್ದೇ ಅವರು ಎದ್ದು ನಿಂತರು.

"ತಪ್ಪಾತ್ರಿ ಸರ. ತೊಳದು ಕೊಡತೀನಿ."

"ಏನ್ ಮಾಡ್ತಾ ಇದ್ರಿ?"

ಅವರು ಪರಾತವನ್ನು ನನ್ನ ಕಡೆ ಓರೆ ಮಾಡಿದರು. ಕಪ್ಪು ಮರಳಿನ ಬಾಲದ ತುದಿಯಲ್ಲಿ, ಸಾಸಿವೆಯ ಹತ್ತರಲ್ಲಿ ಒಂದು ಭಾಗದಷ್ಟು, ಒಂದು ಹಳದಿ ಕಣ. ನನ್ನ ಭೂತಗನ್ನಡಿ ತೆಗೆದು ನೋಡಿದೆ. ಚಿನ್ನವೇ. ಆ ಬಯಲಿನಲ್ಲಿ ಆರು ತಿಂಗಳಿನಿಂದ ನೆಲ ಕೊರೆಯುವ ಯಂತ್ರ ಓಡಿಸುತ್ತಿದ್ದ ನಾನು ಕಣ್ಣಾರೆ ಕಂಡ ಮೊದಲ ಚಿನ್ನ ಅದು.

ಆ ದಿನ ಅವರು ಹೇಳಿದರು, ತಾವು ಜಾಲಗಾರರ ಮನೆಯವರು ಎಂದು. ಕಪ್ಪತಗುಡ್ಡದ ಹಳ್ಳಗಳ ಮರಳು ತೊಳೆದು ಚಿನ್ನದ ಕಣ ಆರಿಸುವುದು ಅವರ ಮನೆತನದ ಕಸುಬು. ಮಳೆ ನಿಂತ ಮೇಲೆ ಮರದ ಮರಿಗೆ ಹೊತ್ತುಕೊಂಡು ಅಜ್ಜಿ ಮುಂದೆ, ಇವರು ಹಿಂದೆ. ಈಗ ಅದು ಯಾರಿಗೂ ಹೊಟ್ಟೆ ತುಂಬಿಸುವ ಕೆಲಸವಲ್ಲ. ಅರಣ್ಯದವರು ಗುಡ್ಡಕ್ಕೂ ಬಿಡುವುದಿಲ್ಲ. "ಇಲ್ಲಿ ಬಂದ ಮ್ಯಾಲೆ ನೀವೂ ಅದನ್ನ ಹುಡುಕಾಕತ್ತೀರಿ ಅಂತ ತಿಳೀತ್ರಿ. ಕೈ ಸುಮ್ಮನ ಕುಂದರಲಿಲ್ಲ" ಎಂದರು. ಅಷ್ಟು ಹೇಳಿ ಆ ಕಣವನ್ನು ಬೆರಳ ತುದಿಗೆ ಹತ್ತಿಸಿಕೊಂಡು, ಮತ್ತೆ ಮರಳಿಗೇ ಉದುರಿಸಿ, ಪರಾತ ತೊಳೆಯಲು ಹೋದರು.

ಅಂದಿನಿಂದ ನಾನು ಅವರ ಹಿಂದೆ ನಡೆಯತೊಡಗಿದೆ.

ಇಲ್ಲಿ ಒಣ ಹಳ್ಳಕ್ಕೆ ವಾದಿ ಎನ್ನುತ್ತಾರೆ. ವರ್ಷಕ್ಕೆ ಒಂದೋ ಎರಡೋ ಮಳೆಗೆ ಉಕ್ಕಿ ಹರಿದು, ಉಳಿದ ದಿನವೆಲ್ಲ ಕಲ್ಲು ಮರಳಿನ ರಸ್ತೆಯಾಗಿ ಬಿದ್ದಿರುತ್ತದೆ. ಕಾಕಾ ಅದನ್ನು ಹಳ್ಳ ಎಂದೇ ಕರೆಯುತ್ತಿದ್ದರು, ನೀರು ಇದ್ದೇ ಇದೆ ಎನ್ನುವ ಹಾಗೆ. "ಇಲ್ಲಿ ನೀರು ಸುತ್ತು ಹೊಡೀತೈತ್ರಿ," "ಇಲ್ಲಿ ಉಸಿರು ಬಿಡತೈತ್ರಿ" ಎನ್ನುತ್ತ ನಡೆಯುವರು. ಚಿನ್ನ ಭಾರದ್ದು, ನೀರಿನ ಕೈ ಸೋತಲ್ಲಿ ಮೊದಲು ಕೂತುಬಿಡುವುದು ಅದೇ. ಹಾಗಾಗಿ ಅವರು ಅಗೆಯುತ್ತಿದ್ದುದು ದೊಡ್ಡ ಬಂಡೆಯ ಬೆನ್ನ ಹಿಂದೆ, ತಿರುವಿನ ಒಳಮೈಯಲ್ಲಿ, ಮರದ ಬೇರಿನ ಸಂದಿಯಲ್ಲಿ, ತಳದ ಗಟ್ಟಿಕಲ್ಲಿನ ಸೀಳಿನಲ್ಲಿ. ಆ ಸೀಳುಗಳನ್ನು ಚಮಚದ ಹಿಡಿಯಿಂದ ಕೆದಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗುಡಿಸಿ ತೆಗೆಯುತ್ತಿದ್ದರು. ನಾನು ನಕಾಶೆಯ ಮೇಲೆ ಚೌಕಗಳನ್ನು ಎಳೆದು ಪ್ರತಿ ಇನ್ನೂರು ಮೀಟರಿಗೆ ಒಂದು ಚೀಲ ಮಣ್ಣು ತೆಗೆಸುತ್ತಿದ್ದೆ. ಬಂಡೆ ಬರಲಿ, ತಿರುವು ಬರಲಿ, ಇನ್ನೂರು ಮೀಟರ್ ಎಂದರೆ ಇನ್ನೂರು ಮೀಟರ್. ಅವರು ಒಂದು ದಿನವೂ ಅದನ್ನು ತಪ್ಪು ಎನ್ನಲಿಲ್ಲ. ನಾನು ಹೇಳಿದ ಕಡೆ ಒಂದು ಚೀಲ ತುಂಬಿ, ಎರಡು ಹೆಜ್ಜೆ ಪಕ್ಕಕ್ಕೆ ಸರಿದು ತಮಗಾಗಿ ಒಂದು ಮುಷ್ಟಿ ತೂಗಿ ನೋಡುತ್ತಿದ್ದರು.

ನೀರಿನ ವಿಷಯದಲ್ಲಿ ಅವರನ್ನು ನೋಡಬೇಕಿತ್ತು. ತೊಳೆಯಲೇಬೇಕಾದ ಮಣ್ಣಿಗೆ ಟ್ಯಾಂಕರಿನಿಂದ ಒಂದು ಡ್ರಮ್ ನೀರು ಸಿಗುತ್ತಿತ್ತು. ಆ ಒಂದು ಡ್ರಮ್ಮನ್ನು ಅವರು ವಾರವಿಡೀ ಬಳಸುವರು. ತೊಳೆದ ನೀರನ್ನು ಹಳೆಯ ಲುಂಗಿಯಲ್ಲಿ ಸೋಸಿ ಮತ್ತೆ ಡ್ರಮ್ಮಿಗೆ. ವಾರದ ಕೊನೆಗೆ ಅದು ಚಹಾದ ಬಣ್ಣಕ್ಕೆ ತಿರುಗಿದರೂ ಚೆಲ್ಲುತ್ತಿರಲಿಲ್ಲ, ಮುಳ್ಳುಮರದ ಬುಡಕ್ಕೆ ಹಾಕುತ್ತಿದ್ದರು. ನಮ್ಮ ಡ್ರೈವರ್ ಸಯೀದ್ ಇಬ್ರಾದವನು, ಮೆಚ್ಚುಗೆಯ ಮಾತಿನಲ್ಲಿ ಜಿಪುಣ. ಅವನೂ ಒಮ್ಮೆ ಇದನ್ನು ನೋಡಿ, "ಯೇ ಆದ್ಮಿ ಬದು ಹೈ" ಎಂದ. ಇವನು ಮರಳುಗಾಡಿನವನೇ ಎಂದು ಅದರ ಅರ್ಥ. ಸಯೀದನ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ.

ಒಂದು ಶುಕ್ರವಾರ ಅವರನ್ನು ಅಲ್ ಅಮೇರಾತ್‌ನ ನಮ್ಮ ಮನೆಗೆ ಊಟಕ್ಕೆ ಕರೆದುಕೊಂಡು ಬಂದಿದ್ದೆ. ನನ್ನ ಹೆಂಡತಿ ಜೋಳದ ರೊಟ್ಟಿ ಮಾಡಲು ಹೋಗಿ ಮೂರು ಹರಿದಿದ್ದಳು. ಅವರು ಆ ಚೂರುಗಳನ್ನೇ ಕೇಳಿ ಹಾಕಿಸಿಕೊಂಡರು. ಊಟವಾದ ಮೇಲೆ ನನ್ನ ಮಗಳನ್ನು ಕೆಳಗಿನ ಪಾರ್ಕಿಂಗ್ ಜಾಗಕ್ಕೆ ಕರೆದುಕೊಂಡು ಹೋಗಿ, ಕಿಸೆಯಿಂದ ಸ್ಪೀಕರಿನ ಹಳೆಯ ಅಯಸ್ಕಾಂತ ತೆಗೆದು ಮರಳಿನಲ್ಲಿ ಎಳೆದರು. ಮಗಳು ಓಡಿಬಂದಳು. "ಪಪ್ಪಾ, ಅವರ್ ಸ್ಯಾಂಡ್ ಹ್ಯಾಸ್ ಐರನ್! ಬ್ಲ್ಯಾಕ್ ಹೇರ್ ತರ ಇದೆ!" ಕಾಕಾ ಹಿಂದೆಯೇ ಬಂದು, "ಅಕ್ಕಾವ್ರ ಕಣ್ಣು ಚುರುಕ ಅದಾವ್ರಿ" ಎಂದರು. ಏಳು ವರ್ಷದ ಹುಡುಗಿಗೆ ಅಕ್ಕಾವ್ರ ಎಂದದ್ದಕ್ಕೆ ಅವಳು ಒಂದು ವಾರ ಬೀಗಿದಳು.

ಈಗ ದೊಡ್ಡ ಮಾತಿಗೆ ಬರುತ್ತೇನೆ. ಇದು ನಡೆದು ನಾಲ್ಕು ವರ್ಷವಾಯಿತು.

ಆ ಬಯಲಿನಲ್ಲಿ ಹುಡುಕಲು ನಮಗಿದ್ದ ಪರವಾನಗಿ ಮುಗಿಯುತ್ತ ಬಂದಿತ್ತು. ಕೊರೆದ ರಂಧ್ರಗಳೆಲ್ಲ ಬರಿದು. ಕ್ಯಾಂಪಿನಲ್ಲಿದ್ದವರು ಹನ್ನೆರಡು ಜನ. ಅದು ಮುಚ್ಚಿದರೆ ಎಲ್ಲರೂ ಊರಿನ ದಾರಿ ಹಿಡಿಯಬೇಕಿತ್ತು. ಬೆಂಗಳೂರಿನವರಾದ ನಮ್ಮ ಮ್ಯಾನೇಜರ್ ಫೋನ್ ಮಾಡಿದರು.

"ಸ್ಯಾಟಲೈಟ್ ಇಮೇಜಲ್ಲಿ ನಾರ್ತ್ ಸೈಡಿನ ಕೆಂಪು ಗುಡ್ಡ ಅಷ್ಟು ಕ್ಲಿಯರ್ ಆಗಿ ಕಾಣ್ತಿದೆಯಲ್ರೀ. ಕೊನೇ ಎರಡು ಹೋಲ್ ಅಲ್ಲೇ ಹಾಕ್ಬಿಡಿ. ಬರಲಿಲ್ವಾ, ಖಲಾಸ್. ಕ್ಯಾಂಪ್ ಕ್ಲೋಸ್."

ಅವರ ಮಾತು ಅನ್ಯಾಯದ್ದಲ್ಲ. ತುಕ್ಕು ಹಿಡಿದಂತೆ ಕೆಂಪಾದ ಬಂಡೆಯ ಟೋಪಿ ಇದ್ದರೆ ಅದರ ಕೆಳಗೆ ತಾಮ್ರವೋ ಚಿನ್ನವೋ ಇರುವ ಸಂಭವ ಹೆಚ್ಚು. ನಾನೂ ಅದನ್ನೇ ಓದಿದವನು. ಯಂತ್ರವನ್ನು ಉತ್ತರಕ್ಕೆ ಸಾಗಿಸಲು ಹೇಳಿದೆ. ಚೀಲ ಕಟ್ಟುತ್ತಿದ್ದ ಕಾಕಾ ಎದ್ದು ಬಂದರು.

"ಸರ, ಸಿಟ್ಟ ಮಾಡ್ಕೋಬ್ಯಾಡ್ರಿ. ಆ ಕೆಂಪು ಗುಡ್ಡದಾಗ ಏನೂ ಇಲ್ರಿ."

"ನಿಮಗೆ ಹೇಗೆ ಗೊತ್ತು?"

"ಹಳ್ಳ ಹಂಗ ಹೇಳಾಕತ್ತೈತ್ರಿ."

ಮರುದಿನ ಬೆಳಿಗ್ಗೆ ನನ್ನನ್ನು ವಾದಿಯ ದಡಕ್ಕೆ ಕರೆದುಕೊಂಡು ಹೋದರು. ದಡದ ಮೇಲೆ ಅಲ್ಲಲ್ಲಿ ಸಣ್ಣ ಕಲ್ಲುಗಳ ಸಾಲು. ಅವನ್ನು ನಾನು ಮೊದಲೂ ನೋಡಿದ್ದೆ, ಕುರಿ ಕಾಯುವ ಮಕ್ಕಳ ಆಟ ಎಂದುಕೊಂಡಿದ್ದೆ. ಅವು ಕಾಕಾ ಇಟ್ಟವು. ರಜೆಯ ಶುಕ್ರವಾರಗಳಲ್ಲಿ ಎಲ್ಲರೂ ಇಬ್ರಾ ಪೇಟೆಗೆ ಹೋದಾಗ ಇವರು ಒಬ್ಬರೇ ಕೆಳಗಿನಿಂದ ಮೇಲಕ್ಕೆ, ಐವತ್ತು ಹೆಜ್ಜೆಗೊಮ್ಮೆ ಮರಳು ತೂಗಿ, ಎಷ್ಟು ಕಣ ಕಂಡಿತೋ ಅಷ್ಟು ಕಲ್ಲು ಇಟ್ಟಿದ್ದರು. ಮೊದಲು ಒಂದು. ಆಮೇಲೆ ಮೂರು. ಮೇಲೆ ಹೋದಂತೆ ಐದು, ಒಂಬತ್ತು, ಹದಿನಾಲ್ಕು. ಒಂದು ದೊಡ್ಡ ತಿರುವಿನ ಹತ್ತಿರ ಇಪ್ಪತ್ತಕ್ಕೂ ಹೆಚ್ಚು. ತಿರುವು ದಾಟಿದ ಮೇಲೆ ಒಂದೂ ಇಲ್ಲ. ಕೆಂಪು ಗುಡ್ಡ ಇನ್ನೂ ಅಲ್ಲಿಂದ ಮೇಲೆ, ಒಂದು ಮೈಲಿ ದೂರದಲ್ಲಿತ್ತು.

ಗುಡ್ಡದಲ್ಲಿ ಚಿನ್ನವಿದ್ದಿದ್ದರೆ ಅಲ್ಲಿಂದ ಇಲ್ಲಿಯವರೆಗೂ ಕಣ ಸಿಗಬೇಕಿತ್ತು. ಅದು ನನಗೂ ಅರ್ಥವಾಯಿತು. ಆದರೆ ಆ ತಿರುವಿನಲ್ಲಿ ಬಂಡೆಯೂ ಇಲ್ಲ, ಗುಡ್ಡವೂ ಇಲ್ಲ. ಎರಡು ಆಳು ಎತ್ತರದ, ಜಲ್ಲಿಕಲ್ಲು ಗಟ್ಟಿಯಾಗಿ ಅಂಟಿಕೊಂಡ ಹಳೆಯ ದಂಡೆ ಒಂದೇ.

"ಮತ್ತೆ ಎಲ್ಲಿಂದ ಬಂತು ಕಾಕಾ? ಆಕಾಶದಿಂದ ಉದುರಿತಾ?" ಬಿಸಿಲಿಗೋ, ಹೆದರಿಕೆಗೋ, ನನ್ನ ದನಿ ಒರಟಾಗಿತ್ತು.

ಅವರು ಆ ದಿನ, ಮರುದಿನ, ಬಿಡುವಾದಾಗಲೆಲ್ಲ ಹೋಗಿ ಆ ದಂಡೆಯ ಎದುರು ಕೂತರು. ಮೂರನೆಯ ದಿನ ನನ್ನನ್ನು ಕರೆದರು.

"ಸರ, ಇಲ್ಲಿ ನನ್ನ ಬಾಜೂಕ ಕುಂದರ್ರಿ. ಮೊದಲ ಹಳ್ಳದ ತಳ ನೋಡ್ರಿ. ಚಪ್ಪಟಿ ಕಲ್ಲು ಹೆಂಗ ಒರಗ್ಯಾವು?"

ನೋಡಿದೆ. ವಾದಿಯ ತಳದಲ್ಲಿ ಚಪ್ಪಟೆ ಕಲ್ಲುಗಳು ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಒರಗಿದ್ದವು. ಎಲ್ಲವುಗಳ ತಲೆ ದಕ್ಷಿಣಕ್ಕೆ. ನೀರು ಉತ್ತರದಿಂದ ಬಂದು ತಳ್ಳಿದರೆ ಕಲ್ಲು ಹಾಗೆಯೇ ಮಲಗುತ್ತದೆ.

"ಈಗ ದಂಡಿ ನೋಡ್ರಿ."

ಹಳೆಯ ದಂಡೆಯೊಳಗೆ ಸಿಕ್ಕಿಕೊಂಡ ಕಲ್ಲುಗಳೂ ಒರಗಿದ್ದವು. ಒಂದೇ ರೀತಿ, ನೂರಾರು. ಆದರೆ ಅವುಗಳ ತಲೆ ದಕ್ಷಿಣಕ್ಕಿರಲಿಲ್ಲ. ಪೂರ್ವಕ್ಕಿತ್ತು.

"ಆವಾಗಿನ ಹಳ್ಳ ಬ್ಯಾರೇರಿ," ಎಂದರು ಕಾಕಾ, ಪಕ್ಕದಲ್ಲಿ ಯಾರೋ ಮಲಗಿದ್ದಾರೆ ಎನ್ನುವಷ್ಟು ಮೆಲ್ಲಗೆ. "ಪಡುವಲ ಕಡಿಯಿಂದ ಬರತಿತ್ತು. ಬಂಗಾರ ತಂದಿದ್ದು ಅದು. ಈಗಿನ ಹಳ್ಳ ಬರೇ ಈ ದಂಡಿ ಕೊರದು ಕೆಳಗ ಒಯ್ಯಾಕತ್ತೈತಿ."

ಕಲ್ಲು ಒರಗಿದ ದಿಕ್ಕಿನಿಂದ ಹಳೆಯ ಹರಿವನ್ನು ಗುರುತಿಸುವುದು ನಾನು ಡಿಗ್ರಿಯಲ್ಲಿ ಓದಿದ ಪಾಠ. ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಪೂರ್ತಿ ಅಂಕ ತೆಗೆದಿದ್ದೆ. ಈ ದಂಡೆಯ ಕೆಳಗೆ ಒಂದೂವರೆ ವರ್ಷದಿಂದ ದಿನಾ ಗಾಡಿಯಲ್ಲಿ ಓಡಾಡುತ್ತಿದ್ದೆ. ಮನುಷ್ಯರೇ ಇಲ್ಲದ ಕಾಲದಲ್ಲಿ ಹರಿದು ಬತ್ತಿಹೋದ ಒಂದು ಹೊಳೆ ಅಲ್ಲಿ ಗೋಡೆಯ ಮೇಲೆ ತನ್ನ ದಾರಿ ಬರೆದಿಟ್ಟಿತ್ತು. ಅದನ್ನು ಓದಿದ್ದು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ ಈ ಮನುಷ್ಯ.

ಪಶ್ಚಿಮಕ್ಕೆ ಇದ್ದದ್ದು ಒಂದು ಕರಿಕಲ್ಲಿನ ತಗ್ಗು ಗುಡ್ಡ. ನಮ್ಮ ನಕಾಶೆಯಲ್ಲಿ ಅದಕ್ಕೆ ಒಂದು ಗುರುತೂ ಇರಲಿಲ್ಲ. ಸಯೀದ್ ಗಾಡಿ ನಿಲ್ಲಿಸಿ, "ಇಧರ್ ಕುಛ್ ನಹೀಂ, ಸಿರ್ಫ್ ಪತ್ಥರ್" ಎಂದು ಗೊಣಗಿದ. ಕಾಕಾ ಅವರ ಮೊಣಕಾಲು ಆ ದಿನ ಊದಿತ್ತು. ಅವರು ಬುಡದಲ್ಲಿ ಮರಳು ತೂಗುತ್ತ ಕೂತರು. ನಾನು ಏರಿದೆ. ಜಾರುವ ಕರಿ ಕಲ್ಲು, ಹಿಡಿದರೆ ಕೈ ಸುಡುವಷ್ಟು ಬಿಸಿ. ಎರಡು ತಾಸಿನಲ್ಲಿ ತಂದ ನೀರು ಮುಗಿಯಿತು. ಹಿಂದಿರುಗಬೇಕು ಎನ್ನುವಾಗ, ಗುಡ್ಡದ ಹಿಂಬದಿಯ ಮಡಿಕೆಯಲ್ಲಿ ಕಲ್ಲುಗಳು ಅರ್ಧಚಂದ್ರದ ಆಕಾರದಲ್ಲಿ ಕೂತಿರುವುದು ಕಂಡಿತು. ಕಲ್ಲು ತಾನಾಗಿ ಹಾಗೆ ಕೂರುವುದಿಲ್ಲ. ಹತ್ತಿರ ಹೋದೆ. ಮೇಲಿನಿಂದ ಉರುಳಿದ ಕಲ್ಲುಗಳಿಂದ ಮುಕ್ಕಾಲು ಮುಚ್ಚಿದ ಒಂದು ಗುಂಡಿ. ಒಳಗಿನ ಮಣ್ಣು ಕುಂಕುಮದ ಹಾಗೆ ಕೆಂಪು.

ನನ್ನ ಕೂಗು ಕೇಳಿ ಕಾಕಾ ಸಯೀದನ ಹೆಗಲು ಹಿಡಿದುಕೊಂಡು, ಕೂತು ಎದ್ದು, ಮೇಲೆ ಬಂದರು. ಗುಂಡಿಯ ಪಕ್ಕದಲ್ಲಿ ಒರಳಿನಂತೆ ಕುಳಿಬಿದ್ದ ಒಂದು ಕಲ್ಲಿತ್ತು. ಹಿಂದೆ ಇಲ್ಲಿ ಚಿನ್ನಕ್ಕಾಗಿ ಅಗೆದು, ಕಲ್ಲು ಕುಟ್ಟಿ ಪುಡಿ ಮಾಡಿದವರು ಯಾರೋ ಬಿಟ್ಟು ಹೋದದ್ದು. ಕಾಕಾ ಕೆಂಪು ಮಣ್ಣನ್ನು ನೋಡಲೇ ಇಲ್ಲ. ನೇರ ಆ ಒರಳಿನ ಮುಂದೆ ಕೂತು, ಕುಳಿಯೊಳಗೆ ತಮ್ಮ ಅಗಲವಾದ ಅಂಗೈ ಇಟ್ಟರು. ಅದು ಅಲ್ಲಿ ಸರಿಯಾಗಿ ಕೂತಿತು.

"ನಮ್ಮ ಮಂದಿ ಇಲ್ಲೀಮಟಾ ಬಂದಿದ್ರೇನ್ರಿ ಸರ?"

"ಇಲ್ಲ ಕಾಕಾ. ಇವರು ಇಲ್ಲಿಯವರೇ. ಸಾವಿರಾರು ವರ್ಷದ ಹಿಂದಿನವರು."

"ಅದನ್ನ ಅಂದೆ," ಎಂದರು. "ನಮ್ಮ ಮಂದಿ."

ಸಯೀದ್ ತಲೆಗೆ ಸುತ್ತಿದ್ದ ಮುಸರ್ ವಸ್ತ್ರ ತೆಗೆದು ಬೆವರು ಒರೆಸಿಕೊಂಡ.

ಮ್ಯಾನೇಜರ್ ಒಪ್ಪಲು ಎರಡು ದಿನ ಹಿಡಿಯಿತು. ಕೊನೆಗೆ ಕೆಂಪು ಗುಡ್ಡಕ್ಕೆ ಒಂದು ರಂಧ್ರ, ಕರಿಗುಡ್ಡಕ್ಕೆ ಒಂದು ಎಂದು ತೀರ್ಮಾನವಾಯಿತು. ಕೆಂಪು ಗುಡ್ಡದಲ್ಲಿ ಏನೂ ಸಿಗಲಿಲ್ಲ. ಕರಿಗುಡ್ಡದ ಮಣ್ಣಿನ ವರದಿ ಬಂದ ದಿನ ಮ್ಯಾನೇಜರ್ ಎರಡು ಸಲ ಫೋನ್ ಮಾಡಿ ಚಿನ್ನದ ನಂಬರ್ ಸರಿಯಾಗಿ ಓದಿದಿರಾ ಎಂದು ಕೇಳಿದರು. ಅದು ದೊಡ್ಡ ಗಣಿಯಾಗುತ್ತದೋ ಇಲ್ಲವೋ, ಇನ್ನೂ ಅಳೆಯುತ್ತಿದ್ದಾರೆ. ಪರವಾನಗಿ ಮುಂದುವರಿಯಿತು, ಹನ್ನೆರಡು ಜನರೂ ಉಳಿದರು.

ಆಮೇಲೆ ಅಲ್ ಖುವೈರ್‌ನ ಆಫೀಸಿನಲ್ಲಿ ಸಭೆ. ಕಂಪನಿಯ ಒಡೆಯರು, ನಮ್ಮ ವೀಸಾಗಳಿಗೆ ಜಾಮೀನು ನಿಂತ ಕಫೀಲ್, ಮ್ಯಾನೇಜರ್ ಎಲ್ಲ ಕೂತಿದ್ದರು. ಮಣ್ಣಿನ ಪೆಟ್ಟಿಗೆಗಳನ್ನು ಹೊತ್ತು ತಂದಿದ್ದ ಕಾಕಾ ಹೊರಗೆ ಕುರ್ಚಿಯ ಮೇಲೆ ಕೂತಿದ್ದರು. ಬಾಗಿಲು ತೆರೆದೇ ಇತ್ತು. ಒಡೆಯರು ಕೇಳಿದರು, ಪಶ್ಚಿಮಕ್ಕೆ ಹೋಗಬೇಕೆಂದು ಹೊಳೆದದ್ದು ಹೇಗೆ? ನಾನು ಎದ್ದು ನಿಂತು, ಹಳೆಯ ಹರಿವಿನ ಅಧ್ಯಯನ ಮಾಡಿದೆ ಎಂದು ಇಂಗ್ಲಿಷಿನಲ್ಲಿ ಹೇಳಿ, ಕಲ್ಲುಗಳ ಚಿತ್ರ ತೋರಿಸಿದೆ. ನಾನು ಮಾಡಿದೆ ಎಂದೆ. ಚಪ್ಪಾಳೆ ಬಿತ್ತು. ಮುಂದಿನ ವರ್ಷ ನಾನು ಸೀನಿಯರ್ ಆದೆ. ಅವರು ಹೆಲ್ಪರ್ ಆಗಿಯೇ ಇದ್ದರು. ಸಭೆಯಿಂದ ಹಿಂದಿರುಗುವಾಗ ಗಾಡಿಯಲ್ಲಿ ಅವರು ಹೇಳಿದ್ದು ಒಂದೇ ಮಾತು: "ಫೋಟೋ ಚಲೋ ಬಂದಿದ್ವು ಸರ." ಅದರಲ್ಲಿ ಚುಚ್ಚು ಇತ್ತೇ ಎಂದು ನಾನು ಎಷ್ಟೋ ದಿನ ಹುಡುಕಿದೆ. ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿತು.

ನಾಲ್ಕು ವರ್ಷ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ಬೀಳ್ಕೊಡುಗೆಯ ಮಧ್ಯಾಹ್ನ ಕ್ಯಾಂಪಿನ ಊಟದ ಡೇರೆಯಲ್ಲಿ ಎಲ್ಲರೂ ಸೇರಿದ್ದರು. ಮ್ಯಾನೇಜರ್ ಮಸ್ಕತ್ತಿನಿಂದ ಬಂದಿದ್ದರು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಪ್ರಯಾಣಕ್ಕೆ ಸಿದ್ಧವಾಗಿ ಕೂತಿದ್ದರು. ನನಗೆ ಎರಡು ಮಾತಾಡಲು ಹೇಳಿದರು. ನಾನು ಎದ್ದು ಎಲ್ಲವನ್ನೂ ಹೇಳಿದೆ. ದಡದ ಮೇಲಿನ ಕಲ್ಲಿನ ಸಾಲು, ಹಳೆಯ ದಂಡೆ, ಅಲ್ ಖುವೈರ್‌ನ ಸಭೆಯಲ್ಲಿ ನಾನು ಆಡಿದ ಸುಳ್ಳು. "ಆ ಜಾಗ ಹುಡುಕಿದ್ದು ನಾನಲ್ಲ. ಇವರು" ಎಂದೆ. ಮ್ಯಾನೇಜರ್ ನನ್ನನ್ನು ನೋಡುತ್ತಲೇ ಇದ್ದರು.

ಕಾಕಾ ಎದ್ದು ನಿಂತರು. ಅಷ್ಟು ಜನರ ಮುಂದೆ ಅವರು ಮಾತಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಸರ ಇವತ್ತೂ ಪೂರಾ ಖರೇ ಹೇಳಲಿಲ್ರಿ," ಎಂದರು. "ಹಳ್ಳ ಎತ್ತಿಂದ ಬಂದೈತಿ ಅಂತ ನಾ ಹೇಳಿದೆ, ಅದು ಖರೇ. ಆದ್ರ ಗುಡ್ಡ ಏರಿದವರು ಅವರು. ನನ್ನ ಮೊಣಕಾಲ ಬಾತಿತ್ತು, ನಾ ಬುಡಕ ಕುಂತಿದ್ದೆ. ನೀರು ಮುಗದ್ರೂ ಅವರು ತಿರಗಿ ಬರಲಿಲ್ಲ. ಆ ಗುಂಡಿ ಅವರ ಕಣ್ಣಿಗೆ ಬಿತ್ತು, ನನ್ನ ಕಣ್ಣಿಗಲ್ಲ. ಹೇಳಿದ್ರ ಇದ್ದಷ್ಟ ಹೇಳಬೇಕ್ರಿ."

ಕೂತುಕೊಂಡರು. ಸಯೀದ್ ಪಕ್ಕದವನನ್ನು ಏನು ಹೇಳಿದರೆಂದು ಕೇಳಿ ತಿಳಿದು, ತನ್ನೆದೆಯ ಮೇಲೆ ಕೈ ಇಟ್ಟುಕೊಂಡ.

ಮ್ಯಾನೇಜರ್ ಲ್ಯಾಪ್‌ಟಾಪ್ ತೆರೆದು, ಆ ಜಾಗದ ವರದಿಯ ಮೊದಲ ಪುಟ ತೆಗೆದರು. "ನಿಮ್ಮ ಪೂರ್ತಿ ಹೆಸರಿನ ಸ್ಪೆಲಿಂಗ್ ಹೇಳಿ ಕಾಕಾ" ಎಂದರು. ಕಾಕಾಗೆ ಅದು ಗೊತ್ತಿರಲಿಲ್ಲ. ಅಂಗಿಯ ಕಿಸೆಯಿಂದ ಪಾಸ್‌ಪೋರ್ಟ್ ತೆಗೆದುಕೊಟ್ಟರು. ಮ್ಯಾನೇಜರ್ ಒಂದೊಂದೇ ಅಕ್ಷರ ನೋಡಿಕೊಂಡು ಟೈಪ್ ಮಾಡಿ, ಪರದೆಯನ್ನು ಅವರ ಕಡೆ ತಿರುಗಿಸಿದರು. ಕಾಕಾ ಬಗ್ಗಿ, ತಮಗೆ ಓದಲು ಬಾರದ ಆ ಸಾಲನ್ನು ಬಹಳ ಹೊತ್ತು ನೋಡಿದರು.

"ಸರದ್ದೂ ಇದರಾಗ ಐತೇನ್ರಿ?"

"ಇದೆ. ಪಕ್ಕದಲ್ಲೇ ಇದೆ."

"ಹಂಗಾರ ಬರೋಬ್ಬರಿ ಆತ್ರಿ" ಎಂದು ಪಾಸ್‌ಪೋರ್ಟನ್ನು ಮತ್ತೆ ಕಿಸೆಗೆ ಇಟ್ಟುಕೊಂಡರು.